ಹೊಟ್ಟೆ ಸೀಳಿದ ಬಂಗಾರ

(ಸೊಲ್ಲಾಪುರದ ಅಕ್ಕಲಕೋಟ ರೋಡಿನ ಬದಿಗೆ ಒಂದು ಪತ್ರಾದ ಶೆಡ್ಡು. ಶೆಡ್ಡಿಗಿಂತ ಎತ್ತರ ಹಳೇ ಟೈರಿನ ಗುಡ್ಡ. ಅಕ್ಕಲಕೋಟದ ಎಸ್‌ಟಿ ಇಳಿದ ಕಾಕು, ಸ್ವಾಮಿ ಸಮರ್ಥರ ಪ್ರಸಾದದ ಪುಡಿಕೆ ಹಿಡಿದು ಬರುತ್ತಾಳೆ.)

ಕಾಕು: ಮಲ್ಲೂ, ನಿನ್ನ ಅಂಗಡಿ ಎಲ್ಲದನೋ? ಇಲ್ಲಿ ಬರೇ ಟೈರ್ ಬಿದ್ದಾವು.

ಮಲ್ಲು: ಇದ ಅಂಗಡಿ, ಕಾಕು. ಕೂಡು. (ಒಂದು ಟೈರ್ ಉರುಳಿಸಿ) ಇದು ಎಸ್‌ಟೀದು, ಮೆತ್ತಗದ.

ಕಾಕು: ಬಂಗಾರ ಎಲ್ಲಿಟ್ಟಿ?

ಮಲ್ಲು: ಯಾವ ಬಂಗಾರ?

ಕಾಕು: ನೀನ ಫೋನಿನ್ಯಾಗ ಅಂದ್ಯಲ್ಲೋ, ಬಂಗಾರದ ಧಂದೆ ಹಚ್ಚೀನಿ ಅಂತ! ಇಂಡಿ ಬೀಗರ ಮುಂದ ಎದಿ ತಟ್ಟಿ ಹೇಳಿ ಬಂದೀನಿ.

ಮಲ್ಲು: ಅಯ್ಯ ಕಾಕು! ಭಂಗಾರ! ಭ, ಭ! ಮರಾಠಿ ಭಂಗಾರ. ಗುಜರಿ!

(ಸೊಲ್ಲಾಪುರದಲ್ಲಿ ‘ಬ’ಕ್ಕೂ ‘ಭ’ಕ್ಕೂ ನಡುವೆ ಒಂದು ಭಾಷೆಯಷ್ಟು ಅಂತರ. ಫೋನಿನಲ್ಲಿ ಅದೂ ಇಲ್ಲ.)

ಕಾಕು: (ಟೈರಿನ ಮೇಲೆ ಕುಸಿಯುತ್ತ) ಒಂದು ಅಕ್ಷರದ ಹೊಟ್ಟಿ ಸೀಳಿ ನನ್ನ ಮಾನ ಕಳದ್ಯಲ್ಲೋ!

ಮಲ್ಲು: ಕೇಳಿಲ್ಲೆ. ಟೈರಿನ ಒಳಗಿನ ತಂತಿ ತಗದು, ರಬ್ಬರ್ ರವಾದಂಗ ಪುಡಿ ಮಾಡಿ, ಪ್ಲಾಸ್ಟಿಕ್ ಕಾಳಿನ ಜೋಡಿ ಕಾಸಿ ಕೂಡಿಸ್ತಾರ.

ಕಾಕು: ಪುಡಿ ಯಾಕ? ಕರಗಿಸಿ ಹೊಸಾ ಟೈರ್ ಎರಕ ಹೊಯ್ಯಬಾರದ? ಬಂಗಾರ ಆಗಿದ್ರ ಕರಗ್ತಿತ್ತು.

ಮಲ್ಲು: ಇದು ಕರಗೂದಿಲ್ಲ. 1839ರಾಗ ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ ಅನ್ನಾಂವ ರಬ್ಬರಿಗೆ ಗಂಧಕ ಕೂಡಿಸಿ ಕಾಸಿದ. ಗಂಧಕ ಎಳಿಗೆ ಎಳಿ ಗಂಟು ಹಾಕಿಬಿಡ್ತದ. ನಿನ್ನ ಕಡಕ್ ರೊಟ್ಟಿ ಮತ್ತ ಹಿಟ್ಟಾಗ್ತದೇನು?

ಕಾಕು: ಎಲ್ಲಿ ಆಗ್ತದ? ಮುರದು ಸಾರಿನ್ಯಾಗ ಹಾಕ್ಕೋಬೇಕು.

ಮಲ್ಲು: ಅದ ನಮ್ಮ ಧಂದೆ!

ಕಾಕು: ಆ ಗುಡ್‌ಇಯರ್ ದೊಡ್ಡ ಸಾವಕಾರ ಆಗಿರಬೇಕು.

ಮಲ್ಲು: 1860ರಾಗ ಸಾಲ ಬಿಟ್ಟು ಸತ್ತ. ಅವನ ಹೆಸರಿನ ಕಂಪನಿ 1898ಕ್ಕ ಬ್ಯಾರೆಯವರು ತಗದಿದ್ದು.

ಕಾಕು: ಇದನ್ನ ಬೀಗರ ಮುಂದ ಬಾಯಿ ಬಿಡಬ್ಯಾಡ. ಕೂಡಿಸಿದ ಮ್ಯಾಲೆ ಕೆಲಸ ಮುಗೀತಿಲ್ಲೋ?

ಮಲ್ಲು: ಎಲ್ಲಿ ಮುಗೀತು! ಪುಡಿ ಪ್ಲಾಸ್ಟಿಕ್ಕಿಗೆ ಸರಿ ಅಂಟೂದಿಲ್ಲ. ಅಗ್ಗ ಆಗಲಿ ಅಂತ ಪುಡಿನ ಜಾಸ್ತಿ ಸುರದ್ರ, ಎಳದಾಗ ಪಟಕ್ಕನ ಹರೀತದ.

ಕಾಕು: ಬೆಲ್ಲದ ಪಾಕ ಇಲ್ದ ಶೇಂಗಾ ಉಂಡಿ ಕಟ್ಟಲಿಕ್ಕೆ ಹೋದ್ರ ಮತ್ತೇನಾಗ್ತದ? ನಡುವ ಜಿಗುಟು ಬೇಕೋ.

ಮಲ್ಲು: ಕಾಕು! ಇದಕ್ಕ ಕಂಪ್ಯಾಟಿಬಿಲೈಸರ್ ಅಂತಾರ. ನಮ್ಮ ಮಾಸ್ತರು ತಿಳಿಸಿ ಹೇಳಲಿಕ್ಕೆ ಒಂದು ತಾಸು ತಗೊಂಡಿದ್ರು.

ಕಾಕು: ಅವರಿಗೆ ಉಂಡಿ ಕಟ್ಟಿ ಗೊತ್ತಿದ್ದಿಲ್ಲ. ಏನೇನು ಸಾಮಾನು ಆಗ್ತದ?

ಮಲ್ಲು: ದನದ ಕೊಟ್ಟಿಗಿ ಹಾಸು, ಹುಡುಗರು ಆಡೋ ಅಂಗಳದ ಹಾಸು, ಲಾರಿ ಮಡ್‌ಗಾರ್ಡು. ಬರೇ ಪುಡಿ ಡಾಂಬರಿಗೂ ಹೋಗ್ತದ. 2022ರಿಂದ ಸರಕಾರ ಹಳೇ ಟೈರಿನ ಹೊಣಿ ಟೈರ್ ಕಂಪನಿಗಳ ಮ್ಯಾಲೆನ ಹಾಕ್ಯಾದ.

ಕಾಕು: ಮತ್ತ ಗಡಿ ಗಲಾಟ್ಯಾಗ ರಸ್ತಾದಾಗ ಸುಡಲಿಕ್ಕೆ?

ಮಲ್ಲು: ಅವರು ಫುಕಟ್ ಕೇಳ್ತಾರ. ಎರಡೂ ಕಡಿಯವರು.

ಕಾಕು: (ಪ್ರಸಾದ ಕೈಗಿಡುತ್ತ) ಇರಲಿ. ಎಷ್ಟು ತೊಲಿ ಅಂತ ಬೀಗರು ಕೇಳಿದ್ರ?

ಮಲ್ಲು: ತಿಂಗಳಿಗೆ ಎಂಟು ಟನ್ ಅನ್ನು.

ಕಾಕು: ಟನ್ನ! ಸುಳ್ಳಲ್ಲಲ್ಲ?

ಮಲ್ಲು: ಪಾವತಿ ಅದ.

ಕಾಕು: ಹಂಗಾರ ಐತವಾರ ಕರಕೊಂಡು ಬರ್ತೀನಿ. ‘ಭ’ ನಾ ಸಣ್ಣ ದನೀಲೆ ಅಂತೀನಿ. ನೀ ಈ ಎಸ್‌ಟಿ ಟೈರಿನ ಮ್ಯಾಲೆ ಒಂದು ಛಲೋ ಸೊಲ್ಲಾಪುರಿ ಚಾದರ ಹಾಸಿಡು.