ಪ್ರಳಯಕ್ಕೂ ಲೈಸೆನ್ಸ್ ಇದೆ

ವಿಲಿಯಂ ಡೆಲಿಸ್ಲ್ ಹೇ ಎಂಬಾತ 1880ರಲ್ಲಿ ಒಂದು ಕಿರುಕಾದಂಬರಿ ಬರೆದು, ಕಲ್ಲಿದ್ದಲ ಹೊಗೆ ಬೆರೆತ ಮಂಜಿನಲ್ಲಿ ಇಡೀ ಲಂಡನ್ನಿನ ಉಸಿರು ಕಟ್ಟಿಸಿಬಿಟ್ಟ. ಕತೆ ಹೇಳುವ ಮುದುಕನನ್ನು ಮಾತ್ರ ಜಾಣತನದಿಂದ ದೂರದ ನ್ಯೂಜಿಲೆಂಡಿನಲ್ಲಿ ಕೂರಿಸಿದ. ಓದಿದವರು ಅಬ್ಬಬ್ಬಾ ಎಂದು ಒಲೆಗೆ ಇನ್ನಷ್ಟು ಕಲ್ಲಿದ್ದಲು ಸುರಿದಿರಬೇಕು. 1952ರ ಡಿಸೆಂಬರಿನಲ್ಲಿ ಅಂಥದೇ ಮಂಜು ಸಾವಿರಾರು ಜನರನ್ನು ನಿಜವಾಗಿಯೂ ಕೊಂದ ಮೇಲೆ, 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಕಾದಂಬರಿಗೂ ಕಾಯಿದೆಗೂ ನಡುವೆ 76 ವರ್ಷ! ನಮ್ಮ ಕಡತಗಳ ನಡಿಗೆ ನೋಡಿದವರಿಗೆ ಅದು ಚುರುಕೇ ಅನ್ನಿ.

ಹೇ ಬರೆಯುವ ಹೊತ್ತಿಗೆ ಇಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಆಗಷ್ಟೇ ಮುಗಿದಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ಕ್ಕೆ 42 ಲಕ್ಷ. ಆಗ ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳೇ. ಲಂಡನ್ನಿನವರು ಪ್ರಳಯವನ್ನು ಕಾಸು ಕೊಟ್ಟು ಓದಬೇಕಿತ್ತು. ನಮಗೆ ಬಿಟ್ಟಿ ಸಿಕ್ಕಿತು.

ರಿಚರ್ಡ್ ಜೆಫರೀಸ್ ಎಂಬಾತ 1885ರ ತನ್ನ ಕಾದಂಬರಿಯಲ್ಲಿ ಇನ್ನೂ ಮುಂದೆ ಹೋದ: ಲಂಡನ್ ವಿಷದ ಜೌಗಾಗುತ್ತದೆ, ಕಾಡು ಬಂದು ನಾಡನ್ನು ನುಂಗುತ್ತದೆ. ಹುಣಸೂರಿನ ಗುರುಪುರದ ಕಡೆ ಈ ಕತೆ ಹೇಳಿದರೆ ನಕ್ಕುಬಿಟ್ಟಾರು. ಇಲ್ಲಿ ನುಂಗುವ ಕೆಲಸ ನಾಡಿನದು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದವರೆಗೂ ಹೊಗೆಸೊಪ್ಪು. ಬ್ಯಾರನ್ನಿಗೆ, ಅಂದರೆ ಸೊಪ್ಪು ಹದಮಾಡುವ ಬಿಸಿಗೂಡಿಗೆ, ಏರಿಸಿದ ಸೊಪ್ಪು ಬೇಯಲು ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಯಬೇಕು. ಒಂದು ಕಿಲೊ ಸೊಪ್ಪಿಗೆ ಅದರ ಹಲವು ಪಟ್ಟು ಮರ ಬೂದಿ. ನಾಗರಹೊಳೆಯ ಆನೆ ಹೊರಬರದಂತೆ ರೈಲು ಕಂಬಿಯ ಬೇಲಿ ಹಾಕಿದ್ದಾರೆ. ಸೌದೆ ಲಾರಿಗೆ ಯಾವ ಕಂಬಿಯೂ ಅಡ್ಡವಿಲ್ಲ.

ರೈತನನ್ನು ಬೈಯುವುದು ಸುಲಭ. ರಾಗಿಗೂ ಹೊಗೆಸೊಪ್ಪಿಗಿರುವಂಥ ಹರಾಜು ಕಟ್ಟೆ ಇದ್ದಿದ್ದರೆ ಅವನೇಕೆ ಹೊಗೆ ಕುಡಿದು ನಿದ್ದೆಗೆಡುತ್ತಿದ್ದ? ನನ್ನ ಮೆಚ್ಚುಗೆಯೆಲ್ಲ ದೆಹಲಿಗೆ. ಲಂಡನ್ನಿನ ಮಂಜು ಪಾಪ, ಹೇಳದೆ ಕೇಳದೆ ಬಂದದ್ದು. ನಮ್ಮದು ನೋಂದಣಿಯಾದ ಪ್ರಳಯ. ವಾಣಿಜ್ಯ ಸಚಿವಾಲಯದ ತಂಬಾಕು ಮಂಡಳಿ ಬ್ಯಾರನ್ನಿಗೆ ಲೈಸೆನ್ಸ್ ಕೊಡುತ್ತದೆ, ಇಷ್ಟೇ ಬೆಳೆಯಿರಿ ಎಂದು ಮಿತಿ ಹಾಕುತ್ತದೆ. ಅದೇ ಸೊಪ್ಪು ಸಿಗರೇಟಾದ ಮೇಲೆ ಆರೋಗ್ಯ ಸಚಿವಾಲಯ ಪ್ಯಾಕಿನ ಶೇ 85 ಭಾಗಕ್ಕೆ ಕ್ಯಾನ್ಸರಿನ ಚಿತ್ರ, ಎಚ್ಚರಿಕೆ ಹಾಕಿಸುತ್ತದೆ. ಬೆಳೆಸುವವರೂ ಅವರೇ, ಹೆದರಿಸುವವರೂ ಅವರೇ. ತೆರಿಗೆ ಎಣಿಸುವಾಗ ಮಾತ್ರ ಇಬ್ಬರಲ್ಲೂ ಜಗಳವಿಲ್ಲ.

ಮಿತಿ ಮೀರಿ ಬೆಳೆದರೋ? ದಂಡ. ದಂಡದ ಹಿಂದೆ ಮನವಿ, ಮನವಿಯ ಹಿಂದೆ ವಿನಾಯಿತಿ, ವಿನಾಯಿತಿಯ ಹಿಂದೆ ಹಾರ ತುರಾಯಿ. ಮುಂದಿನ ವರ್ಷ ಲೈಸೆನ್ಸೇ ಇಲ್ಲದ ಇನ್ನೊಂದು ಬ್ಯಾರನ್ ಏಳುತ್ತದೆ. ಅದಕ್ಕೂ ವಿನಾಯಿತಿ ಕೇಳಲು ನಿಯೋಗ ಈಗಲೇ ಸಿದ್ಧವಾಗಿದೆ, ದೆಹಲಿಗೆ ಟಿಕೆಟ್ ಮಾಡಿಸುವುದೊಂದು ಬಾಕಿ.