ಗೃಹವಿದ್ಯುನ್ಮೀಮಾಂಸೆ: ಹೈಸ್ಕೂಲು ಮಕ್ಕಳ ಉಪಯೋಗಾರ್ಥ, ವೃತ್ತಿಸಹಿತ

ಪ್ರಥಮ ಸೂತ್ರ: ಹೋದೊಡನೆ ಪಕ್ಕದ ಮನೆ ನೋಡತಕ್ಕದ್ದು.

ವೃತ್ತಿ: ಹೋದದ್ದು ಏನೆಂದು ಸೂತ್ರಕಾರರು ಹೇಳಿಲ್ಲ. ನಮ್ಮ ನಾಡಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಕರೆಂಟು ಹೋದ ಕ್ಷಣದಲ್ಲಿ ಗೃಹಸ್ಥನು ಮೇಣದಬತ್ತಿಯನ್ನಾಗಲಿ ಬೆಂಕಿಪೊಟ್ಟಣವನ್ನಾಗಲಿ ಹುಡುಕುವುದಿಲ್ಲ. ನೆಟ್ಟಗೆ ಬಾಗಿಲಿಗೆ ಬಂದು ಪಕ್ಕದ ಮನೆಯತ್ತ ಕತ್ತು ಚಾಚುತ್ತಾನೆ. ಅಲ್ಲೂ ಕತ್ತಲೆಯಿದ್ದರೆ ಅವನ ಮುಖದಲ್ಲಿ ಮೂಡುವ ನೆಮ್ಮದಿಯನ್ನು ಕೆಲವು ಅರ್ವಾಚೀನರು ಹೊಟ್ಟೆಕಿಚ್ಚೆಂದು ವ್ಯಾಖ್ಯಾನಿಸಿದ್ದಾರೆ. ಅದು ತಪ್ಪು. ಇದು ಶುದ್ಧ ರೋಗನಿದಾನ. ಬೀದಿಯ ಮನೆಗಳೆಲ್ಲ ತಂತಿಗೆ ಸಮಾಂತರವಾಗಿ ಜೋಡಣೆಯಾಗಿರುವುದರಿಂದ ನಮ್ಮ ಫ್ಯೂಸು ಹೋದರೆ ಆಚೆಮನೆಯ ಧಾರಾವಾಹಿ ನಿಲ್ಲುವುದಿಲ್ಲ. ಹಾಗಾಗಿ ಕತ್ತಲೆ ನಮ್ಮ ಮನೆಯೊಂದರಲ್ಲೇ ಇದ್ದರೆ ದೋಷ ನಮ್ಮ ಮೀಟರ್ ಬೋರ್ಡಿನಲ್ಲಿ. ಬೀದಿಯಿಡೀ ಇದ್ದರೆ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ. ಊರೇ ಮುಳುಗಿದ್ದರೆ ಸಬ್‌ಸ್ಟೇಷನ್ನಿನ ಕಡೆ. ಅರ್ಧ ಬೀದಿ ಉರಿದು ಇನ್ನರ್ಧ ಆರಿದ್ದರೆ ಮೂರು ಫೇಸಿನಲ್ಲಿ ಯಾವುದೋ ಹೋಗಿದೆ. ಹೊಟ್ಟೆಕಿಚ್ಚಿನ ವಾದಕ್ಕೆ ಸ್ವಲ್ಪವಾದರೂ ಎಡೆಯಿರುವುದು ಈ ಒಂದು ಸಂದರ್ಭದಲ್ಲಿ ಮಾತ್ರ.

ಸೂತ್ರದ ಐತಿಹಾಸಿಕ ಮೂಲವೂ ಸ್ಪಷ್ಟವಾಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದಾಗ ಅದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ರಾಜ್ಯದ ಇಂದಿನ ರಾಜಧಾನಿಯೇ ಮೂರು ವರ್ಷ ಬಾಗಿಲಲ್ಲಿ ನಿಂತು ಪಕ್ಕದ ಮನೆ ನೋಡಿತ್ತು.

ಪ್ರತ್ಯುದಾಹರಣೆಯಾಗಿ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟನ್ನು ಪರಿಶೀಲಿಸಬಹುದು. ಹಳೇ ಮಾದರಿಯ ಸೆಟ್ಟಿನಲ್ಲಿ ಬಲ್ಬುಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಆರಾರು ವೋಲ್ಟಿನವಾದರೆ ಸುಮಾರು 38 ಬಲ್ಬು ಸೇರಿ 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದರ ತಂತು ಕಡಿದರೂ ಮೂವತ್ತೆಂಟೂ ಸತ್ಯಾಗ್ರಹಕ್ಕೆ ಕೂರುತ್ತವೆ. ಸತ್ತದ್ದು ಯಾವುದೆಂದು ಒಂದೊಂದೇ ಕಿತ್ತು ನೋಡುವ ಯುವಕ ಸಂಘದ ಹುಡುಗನಿಗೆ ಸರಣಿ ಮತ್ತು ಸಮಾಂತರ ಜೋಡಣೆಯ ವ್ಯತ್ಯಾಸವನ್ನು ಯಾವ ಮೇಷ್ಟರೂ ಮತ್ತೆ ಹೇಳಿಕೊಡಬೇಕಿಲ್ಲ.

ಕರೆಂಟು ಇದೆಯೋ ಇಲ್ಲವೋ ಎಂದು ತಿಳಿಯಲು ಪ್ರಮಾಣಗಳು ಮೂರು. ಮಹಡಿ ಹತ್ತಿ ಕಾಣುವುದು ಪ್ರತ್ಯಕ್ಷ. ಹಿಂದಿನ ಮನೆಯ ಮಿಕ್ಸಿ ಚಟ್ನಿ ಅರ್ಧಕ್ಕಿದ್ದಾಗಲೇ ತಟ್ಟನೆ ಮೌನವಾದರೆ ಅದು ಅನುಮಾನ. ಲೈನ್‌ಮನ್‌ಗೆ ಫೋನು ಮಾಡಿದಾಗ ಸಿಗುವ "ಐದೇ ನಿಮಿಷ ಸಾರ್, ಎಲ್‌ಸಿ ತಗೊಂಡಿದೀವಿ" ಎಂಬುದು ಶಬ್ದಪ್ರಮಾಣ. ಶಬ್ದಕ್ಕೆ ಎಷ್ಟು ತೂಕ ಕೊಡಬೇಕೆಂಬ ಬಗ್ಗೆ ದರ್ಶನಕಾರರಲ್ಲಿ ಒಮ್ಮತವಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಟೆಸ್ಟರನ್ನು ನಾಲ್ಕನೆಯ ಪ್ರಮಾಣವೆನ್ನುವವರಿದ್ದಾರೆ. ಅದರೊಳಗೊಂದು ಪುಟ್ಟ ನಿಯಾನ್ ದೀಪ, ಅದಕ್ಕೆ ಹೊಂದಿಕೊಂಡು ಲಕ್ಷಾಂತರ ಓಮ್‌ನ ರೆಸಿಸ್ಟರು. ತುದಿ ಫೇಸಿಗೆ ತಾಗಿ ಬೆರಳು ಹಿಂಬದಿಯ ಲೋಹಕ್ಕೆ ತಾಗಿದಾಗ ಒಂದು ಮಿಲಿಯಾಂಪಿಯರಿಗೂ ಕಡಿಮೆ ಕರೆಂಟು ಸಾಧಕನ ಮೈಯಲ್ಲೇ ಹಾದುಹೋಗಿ ದೀಪ ಕೆಂಪಗೆ ಮಿನುಗುತ್ತದೆ. ಜಿಜ್ಞಾಸುವೇ ಸರ್ಕಿಟ್ಟಿನ ಭಾಗವಾಗುವ ಇಂಥ ಪ್ರಮಾಣ ಬೇರೆ ಶಾಸ್ತ್ರದಲ್ಲಿಲ್ಲ.

ದ್ವಿತೀಯ ಸೂತ್ರವಿದ್ದ ಗರಿ ಗೆದ್ದಲಿಗೆ ಆಹಾರವಾಗಿದೆ.

ತೃತೀಯ ಸೂತ್ರ: ಬಡಿದರೆ ರಿಮೋಟು ಬದುಕುತ್ತದೆ.

ವೃತ್ತಿ: ಇಲ್ಲಿ ನಾಲ್ಕು ಪಂಥಗಳಿವೆ. ಅಂಗೈಗೆ ಎರಡೇಟು ಬಡಿಯುವವರು ತಾಡನಪಂಥಿಗಳು. ಹಿಂದಿನ ಮುಚ್ಚಳ ತೆಗೆದು (ಮುಚ್ಚಳ ಇನ್ನೂ ಉಳಿದಿದ್ದರೆ; ಸಾಮಾನ್ಯವಾಗಿ ಅಲ್ಲಿ ರಬ್ಬರ್ ಬ್ಯಾಂಡ್ ಇರುತ್ತದೆ) ಹೆಬ್ಬೆರಳಿನಿಂದ ಸೆಲ್ಲನ್ನು ಕೂತಲ್ಲೇ ತಿರುಗಿಸುವವರು ಭ್ರಮಣಪಂಥಿಗಳು. ಕಿಟಕಿಯ ಬಿಸಿಲಿಗೆ ಹಪ್ಪಳದ ಪಕ್ಕ ಸೆಲ್ ಇಡುವವರು ಆತಪಪಂಥಿಗಳು. ಕಚ್ಚುವವರು ದಂತಪಂಥಿಗಳು.

ಪಾಠಪುಸ್ತಕ ಓದಿದವರು ಈ ನಾಲ್ವರನ್ನೂ ಒಟ್ಟಿಗೆ ಮೂಢರೆನ್ನುತ್ತಾರೆ. ನಮ್ಮ ಸಿದ್ಧಾಂತ ಬೇರೆ. ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ನಡುವೆ ಗಾಳಿ, ತೇವದಿಂದ ತೆಳ್ಳನೆಯ ಪೊರೆ ಕಟ್ಟುತ್ತದೆ. ಬಡಿದಾಗಲೂ ತಿರುಗಿಸಿದಾಗಲೂ ಅದು ಉಜ್ಜಿ ಹೋಗಿ ಸಂಪರ್ಕ ಮರಳುತ್ತದೆ. ಹಾಗಾಗಿ ಮೊದಲೆರಡು ಪಂಥಗಳಿಗೆ ತತ್ತ್ವದಲ್ಲಿ ಭೇದವಿಲ್ಲ, ಸ್ವಭಾವದಲ್ಲಿ ಮಾತ್ರ ಭೇದ. ಮುದಿಯಾದ ಸೆಲ್ಲಿನ ಒಳರೋಧ ಏರಿರುತ್ತದೆ. ಬಿಸಿಲಲ್ಲಿ ಅದು ಬೆಚ್ಚಗಾದಾಗ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಒಂದಷ್ಟು ಹೊತ್ತು ಒಳರೋಧ ಇಳಿಯುತ್ತದೆ. ಆತಪಪಂಥಿಗಳು ಗೆದ್ದರು, ಆದರೆ ನ್ಯೂಸ್ ಮುಗಿಯುವವರೆಗೆ ಮಾತ್ರ. ಸೆಲ್ ಸತ್ತಿದೆಯೋ ಟೀವಿ ಮುನಿದಿದೆಯೋ ಎಂಬ ಸಂಶಯ ಬಂದರೆ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತ ಗುಂಡಿ ಒತ್ತಬೇಕು: ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕು ಬಹಳಷ್ಟು ಕ್ಯಾಮೆರಾಗಳಲ್ಲಿ ನೇರಳೆ ಮಿಣುಕಾಗಿ ಕಾಣುತ್ತದೆ. ದಂತಪಂಥದ ಬಗ್ಗೆ ಶಾಸ್ತ್ರ ಮೌನ ವಹಿಸಿದೆ. ದಂತವೈದ್ಯರು ವಹಿಸಿಲ್ಲ.

ಆದರೂ ದಂತಪಂಥಿಗಳಿಗೊಬ್ಬ ಘನವಾದ ಪೂರ್ವಸೂರಿಯಿದ್ದಾನೆ. ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರಿದ್ದನ್ನು ಕಂಡ ಬೊಲೊನ್ಯದ ಗಾಲ್ವಾನಿ, ವಿದ್ಯುತ್ತು ಇರುವುದು ಕಪ್ಪೆಯಲ್ಲೇ ಎಂದು ಪೂರ್ವಪಕ್ಷ ಹೂಡಿದ. ಅದನ್ನು ಖಂಡಿಸಲು ಹೊರಟ ವೋಲ್ಟಾ ಎರಡು ಬೇರೆ ಬೇರೆ ಲೋಹಗಳನ್ನು ತನ್ನ ನಾಲಗೆಗೇ ಮುಟ್ಟಿಸಿ ಹುಳಿಯ ರುಚಿ ನೋಡಿದ. ಕಪ್ಪೆ ಬೇಡ, ಎರಡು ಲೋಹ ಮತ್ತು ತೇವ ಸಾಕೆಂದ. 1800ರಲ್ಲಿ ಉಪ್ಪುನೀರಲ್ಲಿ ನೆನೆದ ರಟ್ಟನ್ನು ನಡುವೆ ಇಟ್ಟು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಜಗತ್ತಿನ ಮೊದಲ ಬ್ಯಾಟರಿ ಮಾಡಿದ. ಒಂಬತ್ತು ವೋಲ್ಟಿನ ಬ್ಯಾಟರಿಗೆ ನಾಲಗೆಯಿಟ್ಟು ಬೈಸಿಕೊಳ್ಳುವ ಏಳನೇ ಕ್ಲಾಸಿನ ಹುಡುಗ ತನ್ನ ಪರಂಪರೆ ಇದೆಂದು ಅಮ್ಮನಿಗೆ ತಿಳಿಸಬಹುದು. ಫಲ ಸಿಗುವ ಭರವಸೆಯಿಲ್ಲ.

ಚತುರ್ಥ ಸೂತ್ರ: ಯಾರೂ ಇಲ್ಲದ ಕೋಣೆಯ ಲೈಟು ಅಪ್ಪನ ಕಣ್ಣಿಗೆ ಬೀಳುತ್ತದೆ.

ವೃತ್ತಿ: ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ಪಾಠ ಒಪ್ಪಿಸಿದ ಮಗನೇ ಬಚ್ಚಲಿನ ಲೈಟು ಆರಿಸದೆ ಮಲಗುತ್ತಾನೆ. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲು. ಹತ್ತು ಮೀಟರ್ ಆಳದ ಬಾವಿಯಿಂದ ಹದಿನೈದು ಲೀಟರಿನ ಒಂದು ಕೊಡ ಸೇದಲು ಅಜ್ಜಿ ನೀರಿಗೆ ಕೊಡುತ್ತಿದ್ದದ್ದು ಸುಮಾರು 1,470 ಜೂಲು. ಅಂದರೆ ಯೂನಿಟ್ಟಿಗೆ 2,400 ಕೊಡಕ್ಕೂ ಮೇಲೆ. ರಾತ್ರಿ ಎಂಟು ಗಂಟೆ ಕಾಲ ಸುಮ್ಮನೆ ಉರಿದ 9 ವ್ಯಾಟಿನ ಎಲ್‌ಇಡಿ ಬಲ್ಬೊಂದು 176 ಕೊಡ ನೀರು ಸೇದಿಸಿ ಜಗಲಿಗೆ ಚೆಲ್ಲಿದಂತೆ. 2023ರಲ್ಲಿ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದು ಅನೇಕರ ಬಿಲ್ಲು ಸೊನ್ನೆಯಾದ ಮೇಲೂ ಅಪ್ಪಂದಿರ ಗೊಣಗಾಟ ಸೊನ್ನೆಯಾಗಿಲ್ಲವಾದ್ದರಿಂದ, ನಿತ್ಯವಾದದ್ದು ಶಕ್ತಿಯೊಂದೇ ಅಲ್ಲವೆಂದು ಸಿದ್ಧವಾಗುತ್ತದೆ.

ಅಯಸ್ಕಾಂತದ ಪ್ರಕರಣ ಪ್ರಕ್ಷಿಪ್ತವೆಂದು ಕೆಲವರ ಮತ. ಬೆಳ್ಳುಳ್ಳಿ ಉಜ್ಜಿದರೆ ಅಯಸ್ಕಾಂತದ ಶಕ್ತಿ ಹೋಗುತ್ತದೆಂದು ಯುರೋಪಿನ ಪಂಡಿತರು ಶತಮಾನಗಳ ಕಾಲ ಒಬ್ಬರನ್ನೊಬ್ಬರು ನೋಡಿ ಬರೆದುಕೊಂಡರು. ನೇಪಲ್ಸಿನ ಡೆಲ್ಲಾ ಪೋರ್ತಾ ಉಜ್ಜಿಯೇ ನೋಡಿದ, ಏನೂ ಆಗಲಿಲ್ಲ. 1600ರಲ್ಲಿ ಇಂಗ್ಲೆಂಡಿನ ಗಿಲ್ಬರ್ಟ್ ಕೂಡ ಅದನ್ನು ಕಟ್ಟುಕಥೆಯೆಂದ. ಕೆಟ್ಟ ರೇಡಿಯೊದ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದು, ದಾರ ಕಟ್ಟಿ ಮರಳ ರಾಶಿಯಲ್ಲಿ ಎಳೆದಾಡಿ ಮುಳ್ಳುಮುಳ್ಳಾಗಿ ನಿಂತ ಕರಿಪುಡಿಯನ್ನು ಕಾಗದದ ಪೊಟ್ಟಣಕ್ಕೆ ಉದುರಿಸಿಟ್ಟುಕೊಂಡ ನಮ್ಮ ಹುಡುಗರು ಈ ಇಬ್ಬರ ಸಾಲಿಗೆ ಸೇರುತ್ತಾರೆ, ಪಂಡಿತರ ಸಾಲಿಗಲ್ಲ. 1820ರಲ್ಲಿ ಅರ್ಸ್ಟೆಡ್ ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓಲಾಡಿದ್ದನ್ನು ಕಂಡ. 1831ರಲ್ಲಿ ಫ್ಯಾರಡೆ ಅದನ್ನು ತಿರುವುಮುರುವು ಮಾಡಿ ಅಯಸ್ಕಾಂತದ ಚಲನೆಯಿಂದ ಕರೆಂಟು ತೆಗೆದ. ಇವೆರಡೂ ಕೂಡಿ ನಡುಮನೆಯ ಸೂರಿನಿಂದ ನೇತಾಡುವ ವಸ್ತುವೇ ಅಂತಿಮ ಸೂತ್ರದ ವಿಷಯ.

ಪಂಚಮ ಸೂತ್ರ: ನಿಂತ ಫ್ಯಾನಿಗೆ ಪೊರಕೆಯೇ ಗುರು.

ವೃತ್ತಿ: ಸ್ವಿಚ್ಚು ಹಾಕಿದೆ, ರೆಗ್ಯುಲೇಟರು ಐದರಲ್ಲಿದೆ, ಫ್ಯಾನು ಗುಂಯ್‌ಗುಡುತ್ತಿದೆ, ರೆಕ್ಕೆ ಅಲುಗುತ್ತಿಲ್ಲ. ಆಗ ಮನೆಯ ಹಿರಿಯರು ಪೊರಕೆಯ ಹಿಡಿ ಮೇಲೆತ್ತಿ ರೆಕ್ಕೆಗೊಂದು ತಳ್ಳು ಕೊಡುತ್ತಾರೆ; ಫ್ಯಾನು ಎದ್ದುಬಿಡುತ್ತದೆ. ಇದು ಮಂತ್ರವಲ್ಲ. ಒಂದೇ ಫೇಸಿನ ಸುರುಳಿ ಹುಟ್ಟಿಸುವ ಕಾಂತಕ್ಷೇತ್ರ ತಿರುಗುವುದಿಲ್ಲ, ನಿಂತಲ್ಲೇ ಏರಿ ಇಳಿಯುತ್ತದೆ. ಲೆಕ್ಕದಲ್ಲಿ ಅದು ಬಲಕ್ಕೊಂದು ಎಡಕ್ಕೊಂದು ತಿರುಗುವ ಎರಡು ಸಮಬಲದ ಕ್ಷೇತ್ರಗಳಿಗೆ ಸಮ. ಇಬ್ಬರೂ ಎಳೆದಾಡಿ ರೆಕ್ಕೆ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಇನ್ನೊಂದು ಸುರುಳಿಯಿಟ್ಟು ಕಂಡೆನ್ಸರಿನ ಮೂಲಕ ಅದರ ಕರೆಂಟಿನ ಏರಿಳಿತದ ಹೊತ್ತನ್ನು ಬದಲಿಸಿರುತ್ತಾರೆ. ಕ್ಷೇತ್ರ ಆಗ ಒಂದೇ ದಿಕ್ಕಿಗೆ ತಿರುಗುತ್ತದೆ. ತಿರುಗುವ ಕ್ಷೇತ್ರದ ಈ ಉಪಾಯವನ್ನು 1888ರಲ್ಲಿ ಇಟಲಿಯ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ಟೆಸ್ಲಾ ಬೇರೆ ಬೇರೆಯಾಗಿ ಪ್ರಕಟಿಸಿದರು. ಎಲೆಕ್ಟ್ರಿಷಿಯನ್ ಬಂದು ಮೇಲೆ ನೋಡದೆಯೇ "ಕಂಡೆನ್ಸರ್ ಹೋಗಿದೆ, ಎರಡೂವರೆ ಎಂಎಫ್‌ಡಿ ತನ್ನಿ" ಎಂದಾಗ ಇಷ್ಟೂ ಚರಿತ್ರೆ ಅವನ ಬಾಯಲ್ಲಿರುತ್ತದೆ. ಅವನು ಬರುವವರೆಗೆ ಪೊರಕೆಯೇ ಕಂಡೆನ್ಸರ್: ತಳ್ಳಿದ ದಿಕ್ಕಿನ ಕ್ಷೇತ್ರ ಮೇಲುಗೈ ಪಡೆದು ಮುಂದಿನ ಕೆಲಸ ತಾನೇ ನೋಡಿಕೊಳ್ಳುತ್ತದೆ. ಪೊರಕೆಯ ಹಿಡಿ ಕಬ್ಬಿಣದ್ದಾಗಿದ್ದರೆ ಸೂತ್ರ ಅನ್ವಯಿಸುವುದಿಲ್ಲ. ಆಗ ವೃತ್ತಿಕಾರರು ಜವಾಬ್ದಾರರಲ್ಲ.

ಅಭ್ಯಾಸ: ಕಂಡೆನ್ಸರ್ ಹೋದ ಫ್ಯಾನೊಂದು ಹಿಂದುಮುಂದಾಗಿ ತಿರುಗಿ ಗಾಳಿಯನ್ನು ಸೂರಿಗೆ ಬೀಸುತ್ತಿದೆ. ತಳ್ಳಿದವರು ಅಜ್ಜಿಯೋ ಎಡಗೈ ಚಿಕ್ಕಪ್ಪನೋ? ಚಿತ್ರಸಹಿತ, ಸಕಾರಣವಾಗಿ ನಿರ್ಣಯಿಸಿ. (5 ಅಂಕ)