ಸೊನ್ನೆ ಪರ್ಸೆಂಟೈಲಿನ ಸಮಾನತೆ

ನಮ್ಮ ವೈದ್ಯಕೀಯ ಶಿಕ್ಷಣದ ಮುಖಂಡರಿಗೆ ಬಡವರು ನೆನಪಾಗುವುದು ಊಟಕ್ಕೆ ಮುಂಚೆ. ಹತ್ತೂವರೆಗೆ ದೀಪ. ಹನ್ನೊಂದಕ್ಕೆ ಶಾಲು, ಹಾರ. ಹನ್ನೊಂದೂವರೆಗೆ ಆರೋಗ್ಯ ಸಮಾನತೆ. ಒಂದಕ್ಕೆ ಬಫೆ. ಹುಬ್ಬಳ್ಳಿಯ ಎಸಿ ಸಭಾಂಗಣಗಳಲ್ಲಿ ಈ ವೇಳಾಪಟ್ಟಿ ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ಅಂಥ ಒಂದು ಸಭೆಯ ವೇದಿಕೆ ನೋಡಿ. ವಿಷಯ ವೈವಿಧ್ಯ. ಕೂತವರೆಲ್ಲ ಗಂಡಸರು. ಅವರ ಅಡ್ಡಹೆಸರು ಓದುತ್ತ ಹೋದರೆ ಎರಡು ಜಾತಿ ಸಂಘಗಳ ಸದಸ್ಯರ ಯಾದಿಯಲ್ಲೇ ಮುಗಿಯುತ್ತವೆ. ವಂದನಾರ್ಪಣೆಗೆ ಒಬ್ಬ ಪ್ರಾಧ್ಯಾಪಕಿ. ಮಹಿಳಾ ಪ್ರಾತಿನಿಧ್ಯದ ಬಾಬು ಅಲ್ಲಿಗೆ ಚುಕ್ತಾ.

ಬಾಗಿಲಲ್ಲಿ ಸಿದ್ದಿ ಹುಡುಗರ ಡಮಾಮಿ ಕುಣಿತ. ಅತಿಥಿಗಳು ಮೊಬೈಲು ಎತ್ತಿ ಚಿತ್ರ ತೆಗೆದುಕೊಂಡರು. ಧಾರವಾಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2020ರ ತನಕ ಕಾಯಬೇಕಾಯಿತು. ಕುಣಿಯಲು ಮಾತ್ರ ಯಾವತ್ತೂ ಕಾಯಿಸಿದ್ದಿಲ್ಲ. ಕುಣಿತ ಮುಗಿದ ಮೇಲೆ ಅವರನ್ನು ಹಿಂಬಾಗಿಲಿನಿಂದ ಕಳಿಸಿದರು. ಒಳಗೆ ಅವರಂಥವರ ಕುರಿತೇ ಭಾಷಣವಿತ್ತು.

ಪರದೆ ಮೇಲಿನ ಸ್ಲೈಡುಗಳು ಅಮೆರಿಕದಿಂದ ಬಂದವು. ಅಲ್ಲಿನ ಕಪ್ಪು ತಾಯಂದಿರ ಸಾವು, ಹಿಸ್ಪ್ಯಾನಿಕ್ ವಿದ್ಯಾರ್ಥಿಗಳ ಪಾಲು. ತಿಳಿಯಬೇಕಾದ ವಿಷಯವೇ, ತಕರಾರಿಲ್ಲ. ಆದರೆ ಅಷ್ಟು ಹೊತ್ತು ಮಾತಾಡಿದವರ ಬಾಯಲ್ಲಿ ಜಾತಿಯ ಸುದ್ದಿ ಬರಲಿಲ್ಲ. ಮಾದಿಗರಿಲ್ಲ. ಲಂಬಾಣಿಗಳಿಲ್ಲ. ಪಿಂಜಾರರಿಲ್ಲ. ಏಳು ಸಮುದ್ರ ದಾಟಿದ ಕರುಣೆಗೆ ಹುಬ್ಬಳ್ಳಿಯ ಗಣೇಶಪೇಟೆ ದಾಟಲಾಗಲಿಲ್ಲ.

ಅಷ್ಟಕ್ಕೂ ಅಮೆರಿಕದವರೇ ಆ ವೈವಿಧ್ಯದ ಅಂಗಡಿ ಎತ್ತುತ್ತಿದ್ದಾರೆ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯಕೂಡದು ಅಂದಿತು. 2025ರಲ್ಲಿ ಟ್ರಂಪ್ ಮರಳಿ ಬಂದರು. ಅಲ್ಲಿ ಮೆಡಿಕಲ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ತನ್ನ ವೈವಿಧ್ಯದ ನಿಯಮವನ್ನೇ ತೆಗೆದುಹಾಕಿತು. ಅವರು ತಿಪ್ಪೆಗೆ ಎಸೆದ ಸ್ಲೈಡುಗಳಿಗೆ ನಮ್ಮಲ್ಲಿ ಚಪ್ಪಾಳೆ.

ಜಾತಿ ನಮ್ಮ ಕಾಲೇಜುಗಳಲ್ಲಿ ಎಲ್ಲಿದೆ ಸ್ವಾಮಿ ಅಂತ ಕೇಳುತ್ತಾರೆ. ದೆಹಲಿಯ ಏಮ್ಸ್‌ನಲ್ಲಿ ಅದನ್ನು ಹುಡುಕಲು ಥೋರಟ್ ಸಮಿತಿ ಹೋಗಿತ್ತು. 2007ರಲ್ಲಿ ವರದಿ ಕೊಟ್ಟಿತು. ಮಾತಾಡಿಸಿದ ದಲಿತ, ಆದಿವಾಸಿ ವಿದ್ಯಾರ್ಥಿಗಳಲ್ಲಿ ಶೇ 69 ಮಂದಿ, ಮೇಷ್ಟ್ರುಗಳಿಂದ ತಮಗೆ ಸಾಕಷ್ಟು ಬೆಂಬಲವಿಲ್ಲ ಎಂದಿದ್ದರು. ದೇಶದ ಅತಿ ಹೆಸರುವಾಸಿ ವೈದ್ಯಕೀಯ ಸಂಸ್ಥೆಯ ಕತೆ ಅದು. 2019ರಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಪಿಜಿ ಓದುತ್ತಿದ್ದ ಆದಿವಾಸಿ ವೈದ್ಯೆಯೊಬ್ಬಳು ಜೀವ ಕಳೆದುಕೊಂಡಳು. ಆಗ ದೇಶವೆಲ್ಲ ಮೇಣದಬತ್ತಿ ಹಚ್ಚಿತು. ನಮ್ಮ ಮುಖಂಡರಿಗೆ ಇವೆರಡೂ ನೆನಪಿಲ್ಲ. ಹಾರ್ಲೆಮ್‌ನ ಕತೆ ಮಾತ್ರ ಬಾಯಿಪಾಠ.

ಚಹಾದ ವೇಳೆಗೆ ನಿಜವಾದ ಮಾತು ಹೊರಬರುತ್ತದೆ. ಮೈಕಿನ ಮುಂದೆ ವೈವಿಧ್ಯ ಹೊಗಳಿದವರೇ ಕಪ್ಪು ಹಿಡಿದು ಮೂಲೆಗೆ ಸರಿಯುತ್ತಾರೆ. ದನಿ ತಗ್ಗಿಸುತ್ತಾರೆ. "ರಿಸರ್ವೇಶನ್‌ದಿಂದ ಕ್ವಾಲಿಟಿನ ಹೋತ್ ನೋಡ್ರಿ. ಮೆರಿಟ್‌ಗೆ ಬೆಲಿನ ಇಲ್ಲ."

ಇಲ್ಲ ರೀ. ಖಂಡಿತ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವೇ ಅದನ್ನು ಬರೆದು ಸಹಿ ಮಾಡಿ ಕೊಟ್ಟಿದೆ. ಆ ವರ್ಷ ನೀಟ್-ಪಿಜಿ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಲಾಯಿತು. ಅಂದರೆ ಪರೀಕ್ಷೆಗೆ ಕೂತರೆ ಸಾಕು. ಎಲ್ಲರಿಗಿಂತ ಕಡಿಮೆ ಅಂಕದವನೂ ಅರ್ಹ. ತಪ್ಪು ಉತ್ತರ ಬರೆದು ಬರೆದು ಸೊನ್ನೆಗಿಂತ ಕೆಳಗೆ ಇಳಿದವನೂ ಅರ್ಹ. ದುಡ್ಡಿದ್ದರೆ ಅವನು ನಾಳೆಯ ತಜ್ಞ.

ಯಾಕೆ ಇಳಿಸಿದರು? ಸೀಟು ಖಾಲಿ ಉಳಿದಿದ್ದವು. ಖಾಲಿ ಸೀಟು ದುಡ್ಡು ಹುಟ್ಟಿಸುವುದಿಲ್ಲ.

ಆ ದಿನ ಮೆರಿಟ್‌ವಾದಿಗಳು ಎಲ್ಲಿದ್ದರು? ಹಿಂದುಳಿದ ವರ್ಗದ ಹುಡುಗ ಹತ್ತು ಅಂಕ ಕಡಿಮೆ ತೆಗೆದರೆ ರೋಗಿಗಳ ಪ್ರಾಣಕ್ಕೆ ಕುತ್ತು ಎಂದು ಕಣ್ಣೀರು ಹಾಕುವವರಿಗೆ, ಸೊನ್ನೆಯನ್ನು ಕಂಡಾಗ ಕಣ್ಣೇಕೆ ಒದ್ದೆಯಾಗಲಿಲ್ಲ? ಹತ್ತು ಅಂಕದ ಕೊರತೆಗೆ ಜಾತಿ ಪ್ರಮಾಣಪತ್ರ ತೋರಿಸಿದರೆ ಅದು ಅನ್ಯಾಯ. ನೂರಾರು ಅಂಕದ ಕೊರತೆಗೆ ಡಿಡಿ ತೋರಿಸಿದರೆ ಅದು ಆಡಳಿತ ಮಂಡಳಿ ಕೋಟಾ. ರೋಗಿಯ ಪ್ರಾಣ ಎರಡು ಕಡೆಯೂ ಒಂದೇ ತಾನೆ?

ಎನ್‌ಆರ್‌ಐ ಕೋಟಾ ಅನ್ನುವುದು ಇನ್ನೊಂದು ವೈವಿಧ್ಯ. ಖಾಸಗಿ ಕಾಲೇಜುಗಳಲ್ಲಿ ಶೇ 15ರವರೆಗೆ ಇದಕ್ಕೆ ಅವಕಾಶವಿದೆ. 2005ರ ಇನಾಮದಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದು. ದುಬೈಯಲ್ಲಿ ಕಾಕಾ ಇದ್ದರೆ ಹುಬ್ಬಳ್ಳಿಯ ಹುಡುಗ ಅನಿವಾಸಿ ಆಗುವ ಪವಾಡವನ್ನು ಪಂಜಾಬ್ ಸರ್ಕಾರ ಅಧಿಕೃತವಾಗಿಯೇ ಮಾಡಲು ಹೋಯಿತು. ಚಿಕ್ಕಪ್ಪ, ಅತ್ತೆ, ಮಾವ ಎಲ್ಲರನ್ನೂ ಆ ಪಟ್ಟಿಗೆ ಎಳೆಯಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ವಂಚನೆ ಎಂದು ಕರೆದು, ಈ ವ್ಯಾಪಾರ ನಿಲ್ಲಬೇಕು ಎಂದು ಗದರಿಸಿತು.

ಅದೇ 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಏನು ಮಾಡಿತು? ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ಶೇ 15 ಎನ್‌ಆರ್‌ಐ ಸೀಟು ಕೊಡಿ ಎಂದು ಕೇಂದ್ರವನ್ನು ಕೇಳಿತು. ಇದ್ದ ಸೀಟಿಗೆ ಕೈ ಹಾಕುವುದಿಲ್ಲ, ಇವು ಹೆಚ್ಚುವರಿ ಸೀಟು, ಬಂದ ದುಡ್ಡಿನಲ್ಲಿ ಕಾಲೇಜು ಸುಧಾರಿಸುತ್ತೇವೆ ಎಂಬ ಸಮಜಾಯಿಷಿ. ಸಾಮಾಜಿಕ ನ್ಯಾಯ ಸಾಮಾಜಿಕ ನ್ಯಾಯ ಎಂದು ಉಸಿರು ಬಿಡುವ ಸರ್ಕಾರ ಇದು. ನೆನಪಿರಲಿ.

ಹೊಸತೇನೂ ಅಲ್ಲ ಬಿಡಿ. ಡೊನೇಶನ್ ವಿದ್ಯೆಯಲ್ಲಿ ಕರ್ನಾಟಕ ಇಡೀ ದೇಶಕ್ಕೆ ಗುರು. 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕಾಯ್ದೆ ಮಾಡಿದೆವು. ಮಾಡಿ, ಕಪಾಟಿನಲ್ಲಿಟ್ಟೆವು. ಮೋಹಿನಿ ಜೈನ್ ಪ್ರಕರಣ ನೆನಪಿಸಿಕೊಳ್ಳಿ. ಉತ್ತರ ಪ್ರದೇಶದ ಹುಡುಗಿ. ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್‌ಗೆ ಬಂದವಳು. ಆಗ ನಮ್ಮ ಸರ್ಕಾರದ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಒಂದೇ ಬೆಂಚು, ಒಂದೇ ಹೆಣ ಕೊಯ್ಯುವ ಮೇಜು, ಮೂರು ದರ. ಶಿಕ್ಷಣವೇ ಹಕ್ಕು, ಅದನ್ನು ಮಾರಬೇಡಿ ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೇಶದ ಸಂವಿಧಾನದ ಪುಸ್ತಕಗಳಲ್ಲಿ 'ಕರ್ನಾಟಕ ರಾಜ್ಯ' ಪ್ರತಿವಾದಿಯಾಗಿ ಅಮರವಾಯಿತು. ದರಪಟ್ಟಿ ಇವತ್ತಿಗೂ ಇದೆ. ಸೊನ್ನೆಗಳು ಜಾಸ್ತಿಯಾಗಿವೆ.

ಈಗ ಧಾರವಾಡದ ಮಗ್ಗುಲಿನ ಹೆಬ್ಬಳ್ಳಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಊರ ಕನ್ನಡ ಶಾಲೆಯಲ್ಲಿ ಹತ್ತನೇ ಇಯತ್ತೆವರೆಗೆ ಓದಿದಳು. ಸರ್ಕಾರದ ಲೆಕ್ಕದಲ್ಲಿ ಅವಳ ಭಾಗ್ಯಕ್ಕೆ ಎಣೆಯಿಲ್ಲ. ಗ್ರಾಮೀಣ ಮೀಸಲಾತಿ ಶೇ 15. ಕನ್ನಡ ಮಾಧ್ಯಮ ಮೀಸಲಾತಿ ಶೇ 5. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಉಂಟು. ಇನ್ನೇನು ಬೇಕು ತಾಯೀ?

ಪಿಯು ವಿಜ್ಞಾನದ ಪಾಠ ಬೇಕು. ಅದು ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕಲಿಸುವುದಿಲ್ಲ, ಕನ್ನಡದಲ್ಲಿ ಪರೀಕ್ಷೆ ಮಾತ್ರ ಮಾಡುತ್ತೇವೆ. ಈ ಔದಾರ್ಯ ಬೇರೆ ಯಾವ ದೇಶದಲ್ಲೂ ಸಿಗಲಿಕ್ಕಿಲ್ಲ. ಜೊತೆಗೆ ಹುಬ್ಬಳ್ಳಿ ವಿದ್ಯಾನಗರದ ಕೋಚಿಂಗ್ ಶುಲ್ಕ, ಪೇಯಿಂಗ್ ಗೆಸ್ಟ್ ಬಾಡಿಗೆ, ರ‍್ಯಾಂಕು ಸಾಲದಿದ್ದರೆ ಇನ್ನೊಂದು ವರ್ಷದ ಕೋಚಿಂಗು. ಅವಳಪ್ಪ ಎಷ್ಟು ಎಕರೆ ಮಾರಬೇಕು ಅನ್ನುವುದನ್ನು ಮೀಸಲಾತಿಯ ಪಟ್ಟಿ ಹೇಳುವುದಿಲ್ಲ. ಬಾಗಿಲಿಗೆ 'ಸ್ವಾಗತ' ಬರೆದು ಬೀಗ ಜಡಿಯುವುದು ಅಂದರೆ ಇದೇ.

ಒಳಗೆ ಹೋದವರಿಗೆ ಏನು ಕಲಿಸುತ್ತಾರೆ? ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟ್‌ನಲ್ಲಿ ಹೊಸ ಪಠ್ಯಕ್ರಮ ಹೊರಡಿಸಿತು. ಸಲಿಂಗಕಾಮವನ್ನು ಮತ್ತೆ ಅಸಹಜ ಅಪರಾಧಗಳ ಪಟ್ಟಿಗೆ ಸೇರಿಸಿತು. ಕನ್ಯತ್ವದ ಪಾಠವನ್ನು ವಾಪಸು ತಂದಿತು. ಅಂಗವಿಕಲರ ಬಗ್ಗೆ ಇದ್ದ ಏಳು ತಾಸಿನ ತರಬೇತಿಯನ್ನು ಕಿತ್ತುಹಾಕಿತು. ಗದ್ದಲವಾಯಿತು. ಸೆಪ್ಟೆಂಬರಿನಲ್ಲಿ ಆದೇಶ ಹಿಂತೆಗೆದು, ತಿದ್ದಿದ ಪ್ರತಿ ಕೊಟ್ಟರು. ಯಾರೋ ಗುಮಾಸ್ತನ ಕೈತಪ್ಪು ಎಂಬಂತೆ. ಅದೇ ಆಯೋಗ, ಡಾಕ್ಟರಾಗಲು ಎರಡೂ ಕೈ ನೆಟ್ಟಗಿರಬೇಕು ಎಂಬ ನಿಯಮವನ್ನೂ ಇಟ್ಟುಕೊಂಡಿತ್ತು. 2025ರ ಫೆಬ್ರುವರಿಯಲ್ಲಿ ಅದಕ್ಕೂ ಸುಪ್ರೀಂ ಕೋರ್ಟಿನಿಂದ ಛೀಮಾರಿ. ಕೋರ್ಟು ಕಿವಿ ಹಿಂಡದೆ ಈ ಮುಖಂಡರಿಗೆ ಸಮಾನತೆ ಹೊಳೆದ ಒಂದೇ ಒಂದು ಸಂದರ್ಭ ಯಾರಾದರೂ ಹೇಳಿ.

ಹಳ್ಳಿಯವರಿಗೆ ಕಾಲೇಜು ಆಸ್ಪತ್ರೆಗಳಲ್ಲಿ ರಾಜೋಪಚಾರ ಸಿಗುವ ದಿನವೂ ಒಂದುಂಟು. ತಪಾಸಣೆಯ ದಿನ. ಬಸ್ಸು ಬರುತ್ತದೆ, ಹಾಸಿಗೆ ಸಿಗುತ್ತದೆ, ಊಟ ಸಿಗುತ್ತದೆ, ಕೈಗೊಂದಿಷ್ಟು ರೊಕ್ಕ. ರೋಗ ಇರಲೇಬೇಕೆಂದಿಲ್ಲ. ತಪಾಸಣಾ ತಂಡದವರಿಗೆ ಲಂಚ, ಬಾಡಿಗೆ ರೋಗಿಗಳು, ಹಾಜರಾತಿ ಪುಸ್ತಕದಲ್ಲಷ್ಟೇ ಇರುವ ಪ್ರಾಧ್ಯಾಪಕರು: ಇಂಥ ಆರೋಪಗಳ ಮೇಲೆ 2025ರಲ್ಲಿ ಸಿಬಿಐ ಹಲವು ರಾಜ್ಯಗಳನ್ನು ಸುತ್ತಿ ಪ್ರಕರಣ ದಾಖಲಿಸಿತು. ಜ್ವರ ಬಂದಾಗ ಸಿಗದ ಮಂಚ, ಜ್ವರ ಇಲ್ಲದಾಗ ಪುಕ್ಕಟೆ.

ಗ್ರಾಮೀಣ ಸೇವೆಯ ವಿಚಾರ ಬೇಗ ಮುಗಿಸುತ್ತೇನೆ, ಸರ್ಕಾರವೂ ಬೇಗ ಮುಗಿಸಿತು. 2012ರಲ್ಲಿ ಒಂದು ವರ್ಷದ ಸೇವೆ ಕಡ್ಡಾಯ ಎಂದು ಕಾಯ್ದೆ. ಕೋರ್ಟು, ತಡೆಯಾಜ್ಞೆ, ದಂಡ, ಗೊಣಗಾಟ. 2023ರಲ್ಲಿ ತಿದ್ದುಪಡಿ: ಖಾಲಿ ಹುದ್ದೆ ಇದ್ದಷ್ಟು ಮಂದಿ ಹೋದರೆ ಸಾಕು. ಯಾಕೆಂದರೆ ಡಾಕ್ಟರುಗಳು ಜಾಸ್ತಿ, ಹುದ್ದೆ ಕಡಿಮೆ. ಹಳ್ಳಿಯಲ್ಲಿ ಡಾಕ್ಟರಿಲ್ಲ, ಸರ್ಕಾರದಲ್ಲಿ ಹುದ್ದೆಯಿಲ್ಲ. ಹುದ್ದೆ ಹುಟ್ಟಿಸುವುದು ಯಾರ ಕೆಲಸ ಎಂದು ಕೇಳಬೇಡಿ.

ಸಮಾನತೆ ನೋಡಬೇಕೆಂದರೆ ವಿದ್ಯಾನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬೆಳಿಗ್ಗೆ ಹೋಗಿ. 1957ರಲ್ಲಿ ಶುರುವಾದ ಕಾಲೇಜು. ಫಲಕದಲ್ಲಿ ಹೆಸರು ಏನೇ ಬದಲಾಗಲಿ, ಜನರ ಬಾಯಲ್ಲಿ ಇವತ್ತಿಗೂ ಕಿಮ್ಸ್. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಯವರು ಚೀಟಿಯ ಸಾಲಿನಲ್ಲಿ ನಿಂತಿರುತ್ತಾರೆ. ಘಟ್ಟ ಹತ್ತಿ ಉತ್ತರ ಕನ್ನಡದವರೂ ಬಂದಿರುತ್ತಾರೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ತೆರೆದು ವರ್ಷಗಳೇ ಆದವು. ಆದರೂ ತಲೆಗೆ ಪೆಟ್ಟು ಬಿದ್ದರೆ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಎಂದು ಜಿಲ್ಲೆ ಕೂಗಿತು. ಮತ ಹಾಕಿದರು. ಆಸ್ಪತ್ರೆಯ ದಾರಿ ಇನ್ನೂ ಕಾಯುತ್ತಿದ್ದಾರೆ.

ಇದಕ್ಕೆಲ್ಲ ಬೆಂಗಳೂರೇ ಕಾರಣ ಅನ್ನುವುದು ನಮ್ಮ ಹುಬ್ಬಳ್ಳಿ-ಧಾರವಾಡದವರ ನೆಚ್ಚಿನ ರಾಗ. ಸುಳ್ಳೇನಲ್ಲ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದ್ದು ಬೆಂಗಳೂರಲ್ಲಿ. ಅದನ್ನು ಎಲ್ಲಿಗೆ ಸ್ಥಳಾಂತರಿಸಬೇಕೆಂಬ ಜಗಳವೂ ಜಯನಗರದಿಂದ ರಾಮನಗರದವರೆಗಿನದು. ಭೂಪಟ ಅಲ್ಲಿಗೇ ಮುಗಿಯುತ್ತದೆ ಎಂಬ ಹಾಗೆ.

ಆದರೆ ನಮ್ಮ ಕೈ ಎಷ್ಟು ಶುದ್ಧ? ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಐಐಟಿ ರಾಯಚೂರಿಗೆ ಬರಲಿ ಎಂದಿತು. 2016ರಲ್ಲಿ ಐಐಟಿ ಬಂತು. ಧಾರವಾಡಕ್ಕೆ. ನಾವು ಪೇಢೆ ಹಂಚಿದೆವು. ಆಮೇಲೆ ಏಮ್ಸ್ ಮಾತು ಬಂತು. ಅದೂ ನಮಗೇ ಬೇಕು ಎಂದು ಇಟಿಗಟ್ಟಿ ಹತ್ತಿರ ಜಾಗ ತೋರಿಸಿದೆವು. ಬೆಂಗಳೂರಿನ ದುರಾಸೆಯನ್ನು ಬೈದು ಬೈದು ಗಂಟಲು ಕಟ್ಟಿದ ಮೇಲೆ, ಅದೇ ಗಂಟಲಿನಲ್ಲಿ.

ರಾಯಚೂರಿನವರು ಏಮ್ಸ್ ಬೇಕೆಂದು 2022ರ ಮೇ 13ರಂದು ಧರಣಿ ಕೂತರು. ಒಂದು ಸಾವಿರ ದಿನ ದಾಟಿಸಿದರು. ಹುಬ್ಬಳ್ಳಿಯಿಂದ ರಾಯಚೂರಿಗೆ ದಿನವೂ ಬಸ್ಸು ಇದೆ. ಆರೋಗ್ಯ ಸಮಾನತೆಯ ಮುಂದಿನ ಭಾಷಣವನ್ನು ಅಲ್ಲಿಯೇ ಮಾಡಿ. ಮೈಕು ಅವರ ಹತ್ತಿರವೇ ಇದೆ.